ತಂತಿಗೂ ತಗಡಿಗೂ ನಡುವೆ ಎರಡೂವರೆ ಮೀಟರ್

2025ರ ಜುಲೈ 17ರಂದು ಕೇರಳದ ಕೊಲ್ಲಂ ಜಿಲ್ಲೆಯ ತೇವಲಕ್ಕರದ ಶಾಲೆಯಲ್ಲಿ ಎಂಟನೇ ತರಗತಿಯ ಬಾಲಕನೊಬ್ಬ ಸೈಕಲ್ ಶೆಡ್‌ನ ತಗಡಿನ ಮೇಲೆ ಬಿದ್ದಿದ್ದ ಚಪ್ಪಲಿ ತೆಗೆಯಲು ಹತ್ತಿದ. ತಗಡಿಗೆ ತೀರಾ ಹತ್ತಿರ ಹಾದುಹೋಗಿದ್ದ ವಿದ್ಯುತ್ ತಂತಿ ತಗುಲಿ ಪ್ರಾಣ ಕಳಕೊಂಡ. ತಪ್ಪು ಶಾಲೆಯದ್ದಾ, ಕೆಎಸ್‌ಇಬಿಯದ್ದಾ ಎಂಬ ಚರ್ಚೆ ದಿನಗಟ್ಟಲೆ ನಡೆಯಿತು. ಮುಖ್ಯ ಶಿಕ್ಷಕಿಯ ಅಮಾನತೂ ಆಯಿತು.

ಆದರೆ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮನೆ, ಅಂಗಡಿಗೆ ಕರೆಂಟು ಕೊಡುವ ಸಾಮಾನ್ಯ ಎಲ್‌ಟಿ ತಂತಿ ಕಟ್ಟಡದ ಮೇಲೆ ಹಾದುಹೋಗುವುದಾದರೆ ಛಾವಣಿಯಿಂದ ಕನಿಷ್ಠ 2.5 ಮೀಟರ್ ಎತ್ತರದಲ್ಲಿರಬೇಕು. ಪಕ್ಕದಲ್ಲಿ ಹೋದರೆ 1.2 ಮೀಟರ್ ದೂರ ಬೇಕು. 11 ಕೆವಿ ತಂತಿಯಾದರೆ ಮೇಲಿನ ಅಂತರ 3.7 ಮೀಟರ್. ಅದೂ ತಂತಿ ಅತಿ ಹೆಚ್ಚು ಜೋತು ಬಿದ್ದಾಗಿನ ಲೆಕ್ಕ. ಟೆರೇಸಿನಲ್ಲಿ ನಿಂತವನು ಕೈ ಎತ್ತಿದರೂ ತಂತಿ ಸಿಗಬಾರದು, ಅಷ್ಟೇ ಇದರ ಅರ್ಥ.

ತಂತಿ ಮೊದಲೇ ಇದ್ದು, ಶೆಡ್ ಆಮೇಲೆ ಬಂದರೆ? ಹಾಗೆ ಕಟ್ಟುವವರು ವಿದ್ಯುತ್ ಕಂಪೆನಿಗೂ ಇಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್‌ಗೂ ಮೊದಲು ಲಿಖಿತವಾಗಿ ತಿಳಿಸಬೇಕು ಎಂದು ನಿಯಮ ಹೇಳುತ್ತದೆ. ಅಂದರೆ ಹೊಣೆ ಎರಡೂ ಕಡೆ ಇದೆ. ಇಬ್ಬರೂ 'ಅವರು ನೋಡಿಕೊಳ್ತಾರೆ' ಎಂದು ಸುಮ್ಮನಾದಾಗ ಜೀವ ಹೋಗುತ್ತದೆ.

ಕಟ್ಟಡದ ಒಳಗೂ ಇದೇ ಕಥೆ. ಮುಖ್ಯ ಸ್ವಿಚ್‌ಬೋರ್ಡಿನ ಎದುರು 1 ಮೀಟರ್ ಅಗಲದ ಜಾಗ ಖಾಲಿ ಇರಬೇಕು. ಹಿಂದುಗಡೆ ತೆರೆದ ಜೋಡಣೆಗಳಿದ್ದರೆ ಅಲ್ಲಿನ ಅಂತರ 20 ಸೆಂಟಿಮೀಟರಿಗಿಂತ ಕಡಿಮೆ ಇರಬೇಕು, ಇಲ್ಲವೇ 75ಕ್ಕಿಂತ ಜಾಸ್ತಿ ಇರಬೇಕು. ವಿಚಿತ್ರ ಅನಿಸಬಹುದು. ಒಂದೋ ಮನುಷ್ಯ ಒಳಗೆ ನುಗ್ಗಲೇಬಾರದು, ನುಗ್ಗಿದರೆ ಆರಾಮವಾಗಿ ತಿರುಗಿ ಹೊರಬರುವಷ್ಟು ಜಾಗ ಇರಬೇಕು. ನಡುವೆ ಸಿಕ್ಕಿಹಾಕಿಕೊಳ್ಳುವುದೇ ಅಪಾಯ.

ನಮ್ಮಲ್ಲಿ ಏನಾಗಿದೆ? ಮೈನ್ ಬೋರ್ಡ್ ಮೆಟ್ಟಿಲಡಿ ಇರುತ್ತದೆ. ಅದರ ಎದುರಿಗೆ ಮದುವೆ ಹಾಲ್‌ನ ಕುರ್ಚಿಗಳು, ಮದ್ರಸದ ಹಳೇ ಬೆಂಚು, ಅಂಗಡಿಯ ರಟ್ಟಿನ ಪೆಟ್ಟಿಗೆ. ಕಿಡಿ ಹಾರಿದ ಹೊತ್ತಿಗೆ ಸ್ವಿಚ್‌ಗೆ ಕೈ ತಲುಪುವುದೇ ಇಲ್ಲ. ಗಲ್ಫ್‌ನಲ್ಲಿ ಇಲೆಕ್ಟ್ರಿಕಲ್ ಕೆಲಸ ಮಾಡಿ ಬಂದ ಯುವಕರು ಊರಲ್ಲಿ ಎಷ್ಟೋ ಮಂದಿ ಇದ್ದಾರೆ. ಅಲ್ಲಿ ಪಾಲಿಸಿದ ಶಿಸ್ತನ್ನು ಇಲ್ಲಿ ನೆನಪಿಸಬೇಕಾದವರು ಅವರೇ.

ಮಾಡಬೇಕಾದ್ದು ದೊಡ್ಡದೇನಲ್ಲ. ಬೋರ್ಡಿನ ಎದುರಿನ ಸಾಮಾನು ಇವತ್ತೇ ತೆಗೆಯಬೇಕು. ತಂತಿ ತಗ್ಗಿ ಬಂದಿದ್ದರೆ ನೆಲದಿಂದಲೇ ಫೋಟೊ ತೆಗೆದು, ಸೆಕ್ಷನ್ ಆಫೀಸಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ತುರ್ತಿದ್ದರೆ ಕಾಸರಗೋಡಿನ ಕೆಎಸ್‌ಇಬಿಗೂ ಮಂಗಳೂರಿನ ಮೆಸ್ಕಾಂಗೂ ಒಂದೇ ನಂಬರು: 1912. ಕಬ್ಬಿಣದ ದೋಟಿ, ಅಲ್ಯುಮಿನಿಯಂ ಏಣಿ ಹಿಡಿದು ತಂತಿಯ ಹತ್ತಿರ ಹೋಗಲೇಬಾರದು.

ಮಗುವೊಂದು ಚಪ್ಪಲಿಗಾಗಿ ತಗಡು ಹತ್ತುವುದು ಸಹಜ. ಅದು ಹತ್ತಿದರೂ ಕ್ಷೇಮವಾಗಿ ಇಳಿಯುವಂತೆ ನೋಡಿಕೊಳ್ಳುವುದು ದೊಡ್ಡವರ ಕೆಲಸ.