ಹೆಸರು ಯಾರ ಸೊತ್ತು?

ಕೋಲ್ಕತಾದ ಬೆಹಾಲಾದ ಡೈಮಂಡ್ ಹಾರ್ಬರ್ ರಸ್ತೆಯಲ್ಲಿ ಹಿಂದೊಮ್ಮೆ ಜೋಕಾದವರೆಗೆ ಟ್ರಾಮುಗಳು ಗಂಟೆ ಬಾರಿಸುತ್ತ ಸಾಗುತ್ತಿದ್ದುವೆಂಬುದನ್ನು, ಅದೇ ರಸ್ತೆಯ ನೆತ್ತಿಯ ಮೇಲೆ 2022ರ ಡಿಸೆಂಬರಿನಿಂದ ಓಡುತ್ತಿರುವ ಮೆಟ್ರೋದ ನೆರಳಿನಲ್ಲಿ ನಡೆಯುವ ಹೊಸಬನಿಗೆ ನಂಬಿಸುವುದು ಕಷ್ಟ. ಆದರೆ ತನ್ನ ಊರನ್ನೇ ತೊರೆದ ಮೇಲೂ ಆ ಊರಿನ ಟ್ರಾಮುಗಳಿಂದ ಬಂದ ಹೆಸರನ್ನು ಹೊತ್ತು ತಿರುಗುವ ಒಂದು ತಂಡ ಅಮೆರಿಕದಲ್ಲಿದೆ. ಬ್ರೂಕ್ಲಿನ್ನಿನ ಜನ ಬೀದಿಯ ಟ್ರಾಮುಗಳಿಂದ ತಪ್ಪಿಸಿಕೊಂಡೇ ಬದುಕುವವರೆಂಬ ಪರಿಹಾಸದಿಂದ ಅಲ್ಲಿನ ಬೇಸ್‌ಬಾಲ್ ತಂಡಕ್ಕೆ ‘ಡಾಡ್ಜರ್ಸ್’ ಎಂಬ ನಾಮಧೇಯ ಪ್ರಾಪ್ತವಾಯಿತು. 1947ರಲ್ಲಿ ಕಪ್ಪು ವರ್ಣೀಯ ಆಟಗಾರ ಜ್ಯಾಕಿ ರಾಬಿನ್‌ಸನ್ನನನ್ನು ಕಣಕ್ಕಿಳಿಸಿ ವರ್ಣಭೇದದ ಗೋಡೆಯನ್ನೊಡೆದ, 1955ರಲ್ಲಿ ಮೊತ್ತಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಗೆದ್ದ ಆ ತಂಡವನ್ನು, ಹೊಸ ಕ್ರೀಡಾಂಗಣದ ನಿವೇಶನಕ್ಕಾಗಿ ನಗರದ ಪ್ರಬಲ ಅಧಿಕಾರಿ ರಾಬರ್ಟ್ ಮೋಸೆಸನೊಡನೆ ಹಗ್ಗಜಗ್ಗಾಟ ನಡೆಸಿ ಬೇಸತ್ತ ಮಾಲೀಕ ವಾಲ್ಟರ್ ಓಮ್ಯಾಲಿ 1957ರ ಪಂದ್ಯಗಳು ಮುಗಿದೊಡನೆ ಲಾಸ್ ಏಂಜಲೀಸಿಗೆ ಒಯ್ದನು. ತಂಡದ ಹಳೆಯ ಎಬೆಟ್ಸ್ ಫೀಲ್ಡ್ ಮೈದಾನವನ್ನು 1960ರಲ್ಲಿ ಕೆಡವಿದರು; ಅಲ್ಲಿ ವಸತಿಗೃಹಗಳೆದ್ದುವು.

ಇದು ದೂರದ ಕಥೆಯಲ್ಲ. ನಮ್ಮ ಫುಟ್‌ಬಾಲ್ ತಂಡ ದೆಹಲಿ ಡೈನಮೋಸ್ 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು; 2022ರಲ್ಲಿ ಇಂಡಿಯನ್ ಸೂಪರ್ ಲೀಗಿನ ಪ್ರಶಸ್ತಿ ಗೆದ್ದ ಹೈದರಾಬಾದಿನ ತಂಡ ಮೂರೇ ವರ್ಷಗಳಲ್ಲಿ ದೆಹಲಿಯ ಪಾಲಾಯಿತು.

ಕೋಲ್ಕತಾದಲ್ಲಿ ನಡೆದುದು ಇದರ ವಿಪರ್ಯಾಸ: ಇಲ್ಲಿ ತಂಡ ಊರು ಬಿಡಲಿಲ್ಲ, ಹೆಸರನ್ನು ಬಿಡಿಸಲು ಹೊರಟರು. ಬೆಹಾಲಾದ ಮನೆಮಗನಾದ ಸೌರವ್ ಗಂಗೂಲಿಯವರೂ ಪಾಲುದಾರರಾಗಿದ್ದ ಎಟಿಕೆ, 2014ರಿಂದ 2020ರೊಳಗೆ ಮೂರು ಬಾರಿ ಲೀಗ್ ಗೆದ್ದು, ಬಳಿಕ 1889ರಲ್ಲಿ ಹುಟ್ಟಿ 1911ರಲ್ಲಿ ಬರಿಗಾಲಿನ ಆಟಗಾರರಿಂದ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿದ ಮೋಹನ್ ಬಾಗಾನಿನೊಡನೆ ಕೂಡಿಕೊಂಡಾಗ, ಶತಮಾನ ದಾಟಿದ ಹೆಸರಿಗೆ ಆರು ವರ್ಷದ ಮೂರಕ್ಷರಗಳು ಮುಂದಾಗಿ ಅಂಟಿದುವು. ಬೆಂಬಲಿಗರು ‘ರಿಮೂವ್ ಎಟಿಕೆ’ ಎಂದು ಮೂರು ವರ್ಷ ಎಡೆಬಿಡದೆ ಕೂಗಿದರು. 2023ರ ಮಾರ್ಚಿನಲ್ಲಿ ಗೋವೆಯಲ್ಲಿ ನಮ್ಮ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿದ ರಾತ್ರಿಯೇ ಮಾಲೀಕ ಸಂಜೀವ್ ಗೋಯೆಂಕಾ ಆ ಅಕ್ಷರಗಳನ್ನು ಕಿತ್ತೊಗೆಯುವುದಾಗಿ ಘೋಷಿಸಿದರು. ಸೋತ ಪಕ್ಷದವನಾದ ನನಗೆ ಅಂದು ಆ ಘೋಷಣೆ ರುಚಿಸಲಿಲ್ಲವೆಂಬುದು ನಿಜ. ಅದು ಆ ಬೆಂಬಲಿಗರದೇ ಜಯವೆಂದು ಈಗ ಒಪ್ಪುತ್ತೇನೆ. ಹೋದ ಅಕ್ಷರಗಳ ಜಾಗದಲ್ಲಿ ‘ಸೂಪರ್ ಜೈಂಟ್’ ಎಂಬ ಬಾಲ ಬೆಳೆದುದು ಬೇರೆ ಮಾತು.

ಹಣ ಹೂಡಿದವನು ನಷ್ಟದಲ್ಲಿ ಕೊಳೆಯಬೇಕೆಂದು ಯಾರೂ ಹೇಳುವುದಿಲ್ಲ. ಆಟಗಾರರನ್ನೂ ಗುತ್ತಿಗೆಗಳನ್ನೂ ಕಟ್ಟಿಕೊಂಡು ಅವನು ಬೇಕಾದಲ್ಲಿಗೆ ಹೋಗಲಿ. ಆದರೆ ಹೆಸರು, ಬಣ್ಣ, ದಾಖಲೆಗಳು ಅವನ ಬಂಡವಾಳದಿಂದ ಹುಟ್ಟಿದುವಲ್ಲ. ಕ್ಲೀವ್‌ಲೆಂಡಿನ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಮಾಲೀಕ ಬಾಲ್ಟಿಮೋರಿಗೆ ಒಯ್ದಾಗ, ನಗರವು ನ್ಯಾಯಾಲಯದ ಮೆಟ್ಟಿಲೇರಿ 1996ರಲ್ಲಿ ಈ ಮೂರನ್ನೂ ಉಳಿಸಿಕೊಂಡಿತು. 1999ರಲ್ಲಿ ಹೊಸ ತಂಡ ಅದೇ ‘ಬ್ರೌನ್ಸ್’ ಹೆಸರಿನಲ್ಲಿ ಕಣಕ್ಕಿಳಿಯಿತು. ನಮ್ಮ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವೂ ಪರವಾನಗಿ ಕೊಡುವಾಗಲೇ ಇಂಥದೊಂದು ಷರತ್ತನ್ನು ಬರೆಯಿಸಿಕೊಳ್ಳಲಿ.