ವಾಂತಿಭೇದಿಯ ದಿನವೂ ಬಿ.ಪಿ. ಮಾತ್ರೆಯೇ?

ಬಿರುಬೇಸಿಗೆ. ಅಜ್ಜಿಗೆ ಬೆಳಿಗ್ಗೆಯಿಂದ ಭೇದಿ. ಊಟ ಸೇರದು, ನೀರೂ ಬೇಡ. ಆದರೂ ‘ಬಿ.ಪಿ. ಮಾತ್ರೆ ತಪ್ಪಿಸಬಾರದು’ ಎಂದು ಮನೆಯವರು ಎಂದಿನಂತೆ ನುಂಗಿಸುತ್ತಾರೆ. ಮರುದಿನ ಬಚ್ಚಲಿಗೆಂದು ಎದ್ದವರು ಕಣ್ಣು ಕತ್ತಲಿಟ್ಟು ಬೀಳುತ್ತಾರೆ. ಸೊಂಟದ ಮೂಳೆ ಮುರಿದ ಮೇಲೆ ಎಲ್ಲರೂ ದೂರುವುದು ವಯಸ್ಸನ್ನು. ಮಾತ್ರೆಯ ಡಬ್ಬಿಯತ್ತ ಯಾರ ಗಮನವೂ ಹೋಗುವುದಿಲ್ಲ.

ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ. ಮೂತ್ರಪಿಂಡಗಳು ನೀರನ್ನು ಹಿಡಿದಿಡುವ ಶಕ್ತಿಯೂ ಕುಗ್ಗುತ್ತದೆ. ಭೇದಿಯಿಂದ ಮೈಯ ನೀರು ಹೋಗುತ್ತಿರುವಾಗಲೇ ಫ್ರುಸೆಮೈಡ್, ಹೈಡ್ರೋಕ್ಲೋರೋಥಯಜೈಡ್‌ನಂಥ ಮಾತ್ರೆಗಳು ಇನ್ನಷ್ಟು ಉಪ್ಪು, ನೀರನ್ನು ಮೂತ್ರದಲ್ಲಿ ಹೊರಹಾಕುತ್ತವೆ. ರಕ್ತದೊತ್ತಡ ಕುಸಿದಾಗ ಮೂತ್ರಪಿಂಡ ತನ್ನನ್ನು ಕಾಪಾಡಿಕೊಳ್ಳುವ ಉಪಾಯವನ್ನು ರಾಮಿಪ್ರಿಲ್, ಟೆಲ್ಮಿಸಾರ್ಟಾನ್‌ನಂಥವು ತಡೆಯುತ್ತವೆ. ಜೊತೆಗೆ ಮೈಕೈ ನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಸೇರಿದರೆ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಸೋಲಬಹುದು.

ಹಾಗೆಂದು ಮಾತ್ರೆಗಳನ್ನೆಲ್ಲ ನೀವೇ ನಿಲ್ಲಿಸಬೇಡಿ. ಅಟೆನೊಲಾಲ್, ಮೆಟೊಪ್ರೊಲಾಲ್ ಥಟ್ಟನೆ ನಿಂತರೆ ಹೃದಯಕ್ಕೆ ಅಪಾಯ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬಿಡುವುದೂ ಸಲ್ಲದು. ಯಾವುದನ್ನು ಎರಡು ದಿನ ತಡೆಯಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ವೈದ್ಯರೇ ಹೇಳಬೇಕು.

ನನ್ನ ತಕರಾರು ಇಲ್ಲಿಯೇ. ಸಕ್ಕರೆ ಕಾಯಿಲೆಯವರಿಗೆ ‘ತಲೆ ಸುತ್ತಿ ಬೆವರಿದರೆ ಸಕ್ಕರೆ ತಿನ್ನಿ’ ಎಂದು ಕಲಿಸುತ್ತೇವೆ. ಬಿ.ಪಿ. ಚೀಟಿಯಲ್ಲಿ ಮಾತ್ರ ಹೆಚ್ಚಾಗಿ ‘ತಪ್ಪದೆ ತೆಗೆದುಕೊಳ್ಳಿ’ ಎಂದಷ್ಟೇ ಇರುತ್ತದೆ. ವಾಂತಿಭೇದಿಯಾದ ದಿನ ಏನು ಮಾಡಬೇಕೆಂಬ ಒಂದು ಸಾಲು ಬರೆಯಲು ವೈದ್ಯರಿಗೆ ಅರ್ಧ ನಿಮಿಷ ಸಾಕು. ಅವರು ಮರೆತರೆ ನೀವು ಕೇಳಿ ಬರೆಸಿಕೊಳ್ಳಿ.

ಅಲ್ಲಿಯವರೆಗೆ ಇಷ್ಟು ನೆನಪಿಡಿ. ಬಾಯಿ ಒಣಗಿದೆಯೇ, ಮೂತ್ರ ಕಡಿಮೆಯಾಗಿದೆಯೇ, ಎದ್ದು ನಿಂತರೆ ತಲೆ ಸುತ್ತುತ್ತದೆಯೇ, ಮಾತು ತಡವರಿಸುತ್ತದೆಯೇ ಎಂದು ನೋಡಿ. ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ. ಹೃದಯ ದುರ್ಬಲವಾಗಿರುವವರಿಗೆ ಎಷ್ಟು ಕುಡಿಸಬೇಕೆಂದು ಮೊದಲು ವೈದ್ಯರನ್ನು ಕೇಳಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ನುಂಗುವವರಿಗೆ ಅದನ್ನು ಮೇಲಿಂದ ಮೇಲೆ ಕೊಡುವುದು ಒಳ್ಳೆಯದಲ್ಲ.

ಮುಂದಿನ ಮಾತ್ರೆ ನುಂಗಿಸುವ ಮೊದಲೇ ವೈದ್ಯರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಚೀಟಿ, ಮಾತ್ರೆಗಳ ಸಮೇತ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ನಾಳೆ ನೋಡೋಣ ಎನ್ನಬೇಡಿ.