ಕೆಂಪು ಹೋಯಿತು, ಗುರುತು ಹೋಗಲಿಲ್ಲ

ಬೆಳಗಾವಿ ಗಡಿ ವಿಚಾರ ಬಿಸಿಯೇರಿದಾಗಲೆಲ್ಲ ಮಹಾರಾಷ್ಟ್ರದಲ್ಲಿರುವ ಕನ್ನಡಿಗರಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ಕಾರಿನ ಗಾಜಿನ ಮೇಲಿರುವ ಕನ್ನಡ ಸ್ಟಿಕ್ಕರ್ ಇರಲಿಯೋ, ತೆಗೆಯಲೋ? ತೆಗೆದರೆ ಅಂಜುಬುರುಕ ಅನ್ನುವವರಿದ್ದಾರೆ. ನಾನು ಹಾಗೆ ಅನ್ನುವುದಿಲ್ಲ.

ಎರಡನೇ ಮಹಾಯುದ್ಧದ ಒಂದು ಸಂಗತಿ ನೋಡಿ. ಬ್ರಿಟಿಷ್ ವಿಮಾನಗಳ ಗುರುತು ನೀಲಿ, ಬಿಳಿ, ಕೆಂಪು ವೃತ್ತ. ನಡುವೆ ಕೆಂಪು ಬೊಟ್ಟು. ಜಪಾನ್ ವಿಮಾನಗಳ ಗುರುತು ಕೆಂಪು ಸೂರ್ಯ. ಆಕಾಶದಲ್ಲಿ ಕಣ್ಣಿಗೆ ಸಿಗುವುದು ಒಂದೆರಡು ಕ್ಷಣ. ಕೆಂಪು ಕಂಡಿತೆಂದು ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸುವ ಅಪಾಯವಿತ್ತು. ಹಾಗಾಗಿ ಬರ್ಮಾ ರಣರಂಗದಲ್ಲಿ ಭಾರತೀಯ ವಾಯುಪಡೆಯ ವಿಮಾನಗಳಿಂದಲೂ ಕೆಂಪು ತೆಗೆದು, ಗಾಢ ನೀಲಿ, ತಿಳಿ ನೀಲಿ ಬಳಿದರು. ಅಮೆರಿಕವೂ 1942ರಲ್ಲಿ ತನ್ನ ನಕ್ಷತ್ರದ ನಡುವಿನ ಕೆಂಪು ಬೊಟ್ಟನ್ನು ತೆಗೆಯಿತು. ಆ ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳ ರಿಪೇರಿ ನಡೆದದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ.

ಬಣ್ಣ ಬದಲಾದರೂ ವಿಮಾನ ಯಾರದೆಂಬುದು ಬದಲಾಗಲಿಲ್ಲ. ಆದರೆ ಗುರುತೇ ಬೇಡವೆಂದು ರೆಕ್ಕೆಯನ್ನು ಖಾಲಿ ಬಿಟ್ಟು ಯುದ್ಧಕ್ಕೆ ಕಳಿಸಲೂ ಇಲ್ಲ.

ನಾಗಪುರದ ಸೀತಾಬರ್ಡಿಯಲ್ಲಿ ಅಂಗಡಿಯವನೊಂದಿಗೆ ನಾವು ಮರಾಠಿಯಲ್ಲೋ ಹಿಂದಿಯಲ್ಲೋ ಚೌಕಾಸಿ ಮಾಡುತ್ತೇವೆ. ಅನ್ನ ಕೊಟ್ಟ ಊರಿನ ಮಾತು ಕಲಿಯುವುದು ಮರ್ಯಾದೆ. ಸ್ಟಿಕ್ಕರ್ ತೆಗೆಯುವುದೂ ಸಂದರ್ಭಕ್ಕೆ ತಕ್ಕ ವಿವೇಕ. ನನ್ನ ತಕರಾರು ಇರುವುದು ಮುಂದಿನ ಹೆಜ್ಜೆಯ ಬಗ್ಗೆ. "ಇಲ್ಲೇ ಇರುವವರು, ಮಕ್ಕಳಿಗೆ ಕನ್ನಡ ಯಾಕ್ರೀ?" ಎಂದು ಮನೆಯೊಳಗಿನ ಮಾತನ್ನೂ ನಿಲ್ಲಿಸುತ್ತಾರಲ್ಲ, ಅದು ರೆಕ್ಕೆಯನ್ನು ಖಾಲಿ ಬಿಟ್ಟಂತೆ. ಮನೆಯೊಳಗೆ ಯಾರೂ ನಮ್ಮನ್ನು ತಪ್ಪು ತಿಳಿಯುವುದಿಲ್ಲ. ಅಲ್ಲಿ ಅಂಜಿಕೆ ಯಾರದು? ಅಂಥ ಮಗು ರಜೆಗೆ ಊರಿಗೆ ಹೋದಾಗ ಅಜ್ಜಿ ಕೇಳಿದ್ದಕ್ಕೆ ಮುಖ ಮುಖ ನೋಡುತ್ತದೆ. ಗುರುತು ಇರುವುದು ಎದುರಾಳಿಗೆ ತೋರಿಸಲಷ್ಟೇ ಅಲ್ಲ, ನಮ್ಮವರು ನಮ್ಮನ್ನು ಗುರುತಿಸಲಿ ಎಂದು.

ಸ್ವಾತಂತ್ರ್ಯದ ನಂತರ ವಾಯುಪಡೆಯ ವಿಮಾನಗಳ ಮೇಲೆ ಕೆಲಕಾಲ ಅಶೋಕ ಚಕ್ರ ಬಂತು. 1950ರಿಂದ ಕೇಸರಿ, ಬಿಳಿ, ಹಸಿರು ವೃತ್ತವಿದೆ. ಕಾಲ ಬದಲಾದಾಗ ಬಣ್ಣವನ್ನು ಮತ್ತೆ ಬಳಿಯಬಹುದು. ಮಗು ಕಲಿಯದೇ ಬಿಟ್ಟ ಭಾಷೆಯನ್ನು ಮೂವತ್ತು ವರ್ಷದ ನಂತರ ಹಾಗೆ ಬಳಿಯಲಾಗದು. ಸ್ಟಿಕ್ಕರ್ ಇರಲಿ, ಬಿಡಲಿ. ರಾತ್ರಿಯ ಊಟವಾದರೂ ಕನ್ನಡದಲ್ಲಿ ನಡೆಯಲಿ.